ಗ್ರಿಲ್‌ಗೆ ಸೌದೆ ಆರಿಸುವ ಸಮಗ್ರ ಮಾರ್ಗದರ್ಶಿ: ಮೂಲ ಮೊದಲು, ಒಣಗು ಆಮೇಲೆ, ಜಾತಿ ಕೊನೆಗೆ

ಭಾನುವಾರ ತೋಟದಲ್ಲಿ ಗ್ರಿಲ್ ಹಚ್ಚಬೇಕು ಅಂತ ಶನಿವಾರ ಸಂಜೆ ಸೌದೆ ಡಿಪೋಗೆ ಹೋಗುತ್ತಾರೆ. "ಗಟ್ಟಿ ಮರದ್ದು ಕೊಡಿ" ಅಂತ ಕೇಳಿ ಒಂದು ಮೂಟೆ ಹುಣಸೆ ಸೌದೆ ತರುತ್ತಾರೆ. ಮರುದಿನ ಎಷ್ಟು ಊದಿದರೂ ಅದು ಹತ್ತುವುದಿಲ್ಲ. ಹತ್ತಿದರೂ ಹೊಗೆ ನಿಲ್ಲುವುದಿಲ್ಲ. ಕೋಳಿ ಹೊರಗೆ ಕಪ್ಪು, ಒಳಗೆ ಹಸಿ, ಬಾಯಿಗಿಟ್ಟರೆ ಕಹಿ. ಆಮೇಲೆ ಬರುವ ಪ್ರಶ್ನೆ ಯಾವಾಗಲೂ ಒಂದೇ: "ಹಾಗಾದರೆ ಯಾವ ಮರ ತರಬೇಕಿತ್ತು?"

ಮರದ ಜಾತಿಯಿಂದ ಶುರು ಮಾಡುವುದರಿಂದಲೇ ಈ ಕೆಲಸ ಕೆಡುತ್ತದೆ. ಮೊದಲು ನೋಡಬೇಕಾದ್ದು ಸೌದೆ ಎಲ್ಲಿಂದ ಬಂತು ಅನ್ನುವುದು. ಎರಡನೆಯದು ಅದು ಒಣಗಿದೆಯೇ ಅನ್ನುವುದು. ಜಾತಿಯ ಮಾತು ಈ ಎರಡೂ ಇತ್ಯರ್ಥವಾದ ಮೇಲೆ. ಚೆನ್ನಾಗಿ ಒಣಗಿದ ಸಾಧಾರಣ ಸರ್ವೆ ಸೌದೆಯ ಮುಂದೆ ಹಸಿ ಹುಣಸೆ ಏನೇನೂ ಅಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಮೊದಲೇ ಜೋಡಿಸಿಟ್ಟುಕೊಳ್ಳಬೇಕಾದ್ದು

ಕೊಡಲಿ, ಒಂದು ಕಬ್ಬಿಣದ ಬೆಣೆ, ಕೈಗರಗಸ, ದಪ್ಪ ಚರ್ಮದ ಕೈಗವಸು, ಅಡುಗೆಮನೆಯ ತಕ್ಕಡಿ, ಹತ್ತಿಪ್ಪತ್ತು ಹಳೆಯ ಇಟ್ಟಿಗೆ, ಒಂದು ಟಾರ್ಪಾಲು. ವರ್ಷಕ್ಕೆ ನಾಲ್ಕಾರು ಸಲ ಗ್ರಿಲ್ ಮಾಡುವವರು ಮರದ ತೇವ ಅಳೆಯುವ, ಎರಡು ಮುಳ್ಳುಗಳಿರುವ ಮಾಯಿಶ್ಚರ್ ಮೀಟರ್ ಒಂದನ್ನು ಕೊಂಡರೆ ಒಳ್ಳೆಯದು. ಅಗ್ಗದ್ದೇ ಸಾಕು. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಈ ಪಟ್ಟಿಯಲ್ಲಿ ಇಲ್ಲ, ಬರುವುದೂ ಇಲ್ಲ. ಅವು ಬೇಕಾಗುತ್ತಿವೆ ಅಂದರೆ ಸೌದೆ ಹಸಿಯಿದೆ ಅಂತಲೇ ಅರ್ಥ.

ಹಂತ 1: ಸೌದೆಯ ಮೂಲ ವಿಚಾರಿಸಿ

ಮಾರುವವನನ್ನು ಕೇಳಬೇಕಾದ ಪ್ರಶ್ನೆ "ಇದು ಯಾವ ಮರ?" ಅಲ್ಲ, "ಇದನ್ನು ಯಾಕೆ ಕಡಿದರು?" ಅನ್ನುವುದು. ತೋಟ ಹೊಸದು ಮಾಡಲು ಹಳೆ ಗಿಡ ಕಿತ್ತರೋ, ಸವರಿದಾಗ ಬಿದ್ದ ಕೊಂಬೆಯೋ, ಸೌದೆಗೆಂದೇ ಬೆಳೆದ ಪ್ಲಾಂಟೇಶನ್ನೋ, ತೆಗೆಯಲೇಬೇಕಾದ ಕಳೆಮರವೋ? ಈ ನಾಲ್ಕರಲ್ಲಿ ಒಂದು ಉತ್ತರ ಬಂದರೆ ಮುಂದಕ್ಕೆ ಹೋಗಿ. "ಅದೆಲ್ಲ ಗೊತ್ತಿಲ್ಲ ಸಾರ್, ಲೋಡು ಬಂತು" ಅಂದರೆ ಬೇರೆ ಡಿಪೋ ನೋಡಿ.

ಬಾಯಿಮಾತನ್ನೇ ನಂಬಬೇಕಿಲ್ಲ, ರಾಶಿಯೇ ಹೇಳುತ್ತದೆ. ಪ್ಲಾಂಟೇಶನ್ನಿನ ಸೌದೆ ಹೆಚ್ಚುಕಡಿಮೆ ಒಂದೇ ದಪ್ಪ, ಒಂದೇ ತೊಗಟೆ, ನೆಟ್ಟಗಿನ ತುಂಡು. ಕಾಡಿನಿಂದ ಬಂದದ್ದು ಕಲಬೆರಕೆ: ಒಂದು ತುಂಡು ತೋಳಿನ ಗಾತ್ರ, ಇನ್ನೊಂದು ತೊಡೆಯ ಗಾತ್ರ, ತೊಗಟೆ ನಾಲ್ಕೈದು ಬಗೆ. ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಸೀಳಿದ ತೊಗಟೆ ಕಂಡರೆ ಅದು ಮತ್ತಿ. ನುಣುಪಾದ ಬೂದುಬಿಳಿ ತೊಗಟೆಯ ದಿಂಡಿಗವೂ ಜೊತೆಗಿದ್ದರೆ ಅದು ಕಾಡಿನ ಸೌದೆ ಎನ್ನಲು ಹೆಚ್ಚು ಯೋಚಿಸಬೇಕಿಲ್ಲ. ದಿಂಡಿಗ ಒಳ್ಳೆಯ ಕೆಂಡ ಕೊಡುವ ಮರವೇ. ಆದರೆ ಕುರುಚಲು ಕಾಡಿನಲ್ಲಿ ಅದು ಮತ್ತೆ ಆ ಗಾತ್ರಕ್ಕೆ ಬರಲು ದಶಕಗಳು ಬೇಕು. ಬಂಡೀಪುರ, ನಾಗರಹೊಳೆ, ಭದ್ರಾ ಅಂಚಿನ ಹೋಂಸ್ಟೇಗಳಲ್ಲಿ ಕ್ಯಾಂಪ್‌ಫೈರ್‌ಗೆ ಸೌದೆ ಎಲ್ಲಿಂದ ತಂದಿರಿ ಅಂತ ಅತಿಥಿಗಳೂ ಒಂದು ಮಾತು ಕೇಳಬಹುದು. ಕೇಳುವವರು ಕಡಿಮೆ.

ಕಾನೂನಿನ ಲೆಕ್ಕ ಇಷ್ಟು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ಸುಬಾಬುಲ್, ರಬ್ಬರ್, ಬಳ್ಳಾರಿ ಜಾಲಿಯಂಥ ಕೆಲವಕ್ಕೆ ಆ ಅನುಮತಿಯಿಂದ ವಿನಾಯಿತಿ ಇದೆ. ಗ್ರಿಲ್‌ಗೆ ಬೇಕಾದ ಮುಖ್ಯ ಮರಗಳು ಈ ಪಟ್ಟಿಯಲ್ಲೇ ಇರುವುದು ನಮ್ಮ ಪುಣ್ಯ. ಮೂಟೆಗಟ್ಟಲೆ ಅಲ್ಲದೆ ಲೋಡುಗಟ್ಟಲೆ ತರಿಸುವುದಾದರೆ ಸಾಗಣೆ ಪಾಸ್ ಬೇಕೇ ಅಂತ ಹತ್ತಿರದ ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಮೀಸಲು ಅರಣ್ಯದಿಂದ ಬಿದ್ದ ಕೊಂಬೆ ಎತ್ತಿಕೊಂಡು ಬರುವುದೂ "ಬರೀ ಒಣಕಟ್ಟಿಗೆ ತಾನೇ" ಅನ್ನುವಷ್ಟು ಸರಳ ವಿಷಯವಲ್ಲ.

ಹಂತ 2: ತರಲೇಬಾರದ್ದನ್ನು ಮೊದಲು ಪಕ್ಕಕ್ಕಿಡಿ

ಪುಕ್ಕಟೆ ಸಿಗುವ ಮರ ಸುಡುವುದು ಪರಿಸರಕ್ಕೆ ಒಳ್ಳೆಯದು ಅನ್ನುವ ಲೆಕ್ಕಾಚಾರದಲ್ಲಿ ಹೆಚ್ಚಿನವರು ಎಡವುವುದು ಈ ಹಂತದಲ್ಲಿ.

ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಯಾವುದೂ ಬೇಡ. ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಹೊಗೆಯಾಗಿ ನೇರ ಊಟಕ್ಕೆ ಇಳಿಯುತ್ತದೆ. ಬಣ್ಣ, ಪಾಲಿಷ್, ವಾರ್ನಿಷ್ ಕಂಡ ಹಳೆ ಬಾಗಿಲು ಕಿಟಕಿ ಬೇಡ. ಹಸಿರು ಛಾಯೆಯ ಔಷಧಿ ಹಾಕಿದ ಕಂಬಗಳಲ್ಲಿ ತಾಮ್ರ, ಕ್ರೋಮಿಯಂ ಜೊತೆ ಆರ್ಸೆನಿಕ್ ಇರಬಹುದು. ಅದರ ಬೂದಿಯೂ ವಿಷ. ಮರದ ಕೆಲಸದ ಅಂಗಡಿಯಿಂದ ಚೂರು ತರುವುದಾದರೆ ಮೂಟೆ ಕಟ್ಟಿಸಿಕೊಂಡು ಬರಬೇಡಿ. ಒಂದೊಂದೇ ತುಂಡು ಕೈಯಲ್ಲಿ ಹಿಡಿದು, ಅಂಚಿನಲ್ಲಿ ಪದರ ಕಾಣುತ್ತದೆಯೇ ಅಂತ ನೋಡಿ ಆರಿಸಿ.

ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಸಿಗುವ, ಸರಕು ಪೇರಿಸುವ ಮರದ ಚೌಕಟ್ಟುಗಳಾದ ಪ್ಯಾಲೆಟ್‌ಗಳದ್ದು ಇನ್ನೊಂದು ಕಥೆ. ವಿದೇಶಿ ಸರಕಿನ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಮುದ್ರೆ ಇರುತ್ತದೆ. ಅದರ ಪಕ್ಕದಲ್ಲಿ ಎಚ್‌ಟಿ ಅಂತಿದ್ದರೆ ಬಿಸಿ ಮಾಡಿ ಹುಳ ಕೊಂದದ್ದು, ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಬಿಟ್ಟದ್ದು. ಎಂಬಿ ಮುಟ್ಟಲೇಬೇಡಿ. ಎಚ್‌ಟಿ ಇದ್ದರೂ ಅದು ಬಹುಮಟ್ಟಿಗೆ ಪೈನ್. ರಾಳ ತುಂಬಿದ ಮೆದು ಮರ, ಕೆಂಡ ನಿಲ್ಲದು, ಮಸಿ ಹಿಡಿಯುತ್ತದೆ. ಮೇಲೆ ಏನು ಚೆಲ್ಲಿತ್ತೋ ಯಾರಿಗೂ ಗೊತ್ತಿಲ್ಲ.

ಗಿಡಗಳಲ್ಲಿ ಕಣಗಿಲೆ ಪೂರ್ತಿ ವಿಷ. ಅದರ ಕಡ್ಡಿಗೆ ಮಾಂಸ ಚುಚ್ಚಿ ಸುಡುವುದೂ ಬೇಡ. ಮಲೆನಾಡು, ಕರಾವಳಿಯ ಚೇರೆ ಮರದ ಸೊನೆ ತಾಗಿದರೆ ಮೈ ಬೊಕ್ಕೆ ಏಳುವುದು ಅಲ್ಲಿನವರಿಗೆ ಗೊತ್ತು, ಹೊಗೆಯೂ ಹಾಗೆಯೇ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಆದ್ದರಿಂದ ಅದನ್ನು ಒಲೆ ಹಚ್ಚಲು ಬಳಸುವ ಅಭ್ಯಾಸ ಗ್ರಿಲ್‌ಗೆ ತರಬೇಡಿ. ಎಕ್ಕ, ಕಳ್ಳಿಯಂಥ ಹಾಲು ಸುರಿಯುವ ಗಿಡಗಳೂ ಬೇಡ. ಹೆಸರು ಗೊತ್ತಿಲ್ಲದ ಸೌದೆಯನ್ನು ನೀರು ಕಾಯಿಸಲು ಇಟ್ಟುಕೊಳ್ಳಿ.

ಹಂತ 3: ಒಣಗಿದೆಯೇ ಅಂತ ಪರೀಕ್ಷಿಸಿ

ಹಸಿ ಸೌದೆಯ ತೂಕದಲ್ಲಿ ಸುಮಾರು ಅರ್ಧ ನೀರೇ ಇರಬಹುದು. ತೂಕದ ಲೆಕ್ಕದಲ್ಲಿ ಕೊಳ್ಳುವಾಗ ಆ ನೀರಿಗೂ ದುಡ್ಡು ಕೊಟ್ಟಿರುತ್ತೀರಿ. ಆಮೇಲೆ ಅದನ್ನು ಆವಿ ಮಾಡಲು ಸೌದೆಯ ಕಾವೇ ಖರ್ಚಾಗುತ್ತದೆ. ಬೆಂಕಿ ತಣ್ಣಗಾಗಿ ಅರೆಬರೆ ಉರಿದರೆ ಕಹಿ ಹೊಗೆ ಏಳುತ್ತದೆ. ಮರ ಉಳಿಸುವ ಮಾತು ನಿಜವಾಗಿ ಕೆಲಸಕ್ಕೆ ಬರುವುದೂ ಇಲ್ಲೇ, ಏಕೆಂದರೆ ಒಣಗಿದ್ದರೆ ಅದೇ ಅಡುಗೆಗೆ ಎಷ್ಟೋ ಕಡಿಮೆ ಸೌದೆ ಸಾಕು.

ಗುರಿ: ಒಳಗಿನ ತೇವ ಶೇ. 20ಕ್ಕಿಂತ ಕಡಿಮೆ. ಮೀಟರ್ ಇದ್ದರೆ ತುಂಡಿನ ಹೊರಮೈಗೆ ಚುಚ್ಚಬೇಡಿ. ಹೊರಮೈ ಯಾವಾಗಲೂ ಒಣಗಿದ್ದೇ ತೋರಿಸುತ್ತದೆ. ತುಂಡನ್ನು ಕೊಡಲಿಯಿಂದ ಸೀಳಿ, ಆಗತಾನೇ ತೆರೆದ ಒಳಮೈಯ ನಡುವೆ, ನಾರಿನ ಉದ್ದಕ್ಕೆ ಮುಳ್ಳು ಊರಿ. ಮೂರು ನಾಲ್ಕು ತುಂಡು ನೋಡಿ. ಶೇ. 30 ದಾಟಿದ ಮೇಲೆ ಈ ಮೀಟರ್‌ಗಳ ಅಂಕಿ ನಂಬಿಕೆಗೆ ಅರ್ಹವಲ್ಲ, "ತುಂಬಾ ಹಸಿ" ಅಂತಷ್ಟೇ ತಿಳಿದುಕೊಳ್ಳಿ.

ಮೀಟರ್ ಇಲ್ಲದಿದ್ದರೆ ಕೈ, ಕಣ್ಣು, ಕಿವಿ. ಎರಡು ಸೀಳು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದ್ದು ದಬ್ ಅನ್ನುತ್ತದೆ. ಕಡಿದ ತುದಿಯಲ್ಲಿ ನಡುವಿನಿಂದ ಅಂಚಿಗೆ ಹೋದ ಬಿರುಕುಗಳು ಕಾಣಬೇಕು. ತೊಗಟೆ ಉಗುರಿಗೆ ಸಡಿಲ ಬರಬೇಕು, ತೊಗಟೆಯಡಿ ಹಸಿರು ಇರಬಾರದು. ಹುಣಸೆಯಂಥ ಗಟ್ಟಿ ಮರದಲ್ಲಿ ಒಂದು ಎಚ್ಚರಿಕೆ: ತುದಿಯ ಬಿರುಕು ಬೇಗ ಬರುತ್ತದೆ, ಒಳಗಿನ ಚೇಗು ಮಾತ್ರ ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ಹಾಗಾಗಿ ಬಿರುಕು ನೋಡಿ ಮೋಸ ಹೋಗಬೇಡಿ, ಸೀಳಿಯೇ ನೋಡಿ.

ಇನ್ನೂ ಖಚಿತ ಬೇಕೆಂದರೆ ತಕ್ಕಡಿ. ಒಂದು ತುಂಡಿಗೆ ಬಳಪದಲ್ಲಿ ತೂಕ ಬರೆದು ರಾಶಿಯಲ್ಲಿಡಿ. ವಾರಕ್ಕೊಮ್ಮೆ ತೂಗಿ. ಎರಡು ವಾರ ತೂಕ ಇಳಿಯದಿದ್ದರೆ ಆ ಹವೆಯಲ್ಲಿ ಅದು ಒಣಗುವಷ್ಟು ಒಣಗಿದೆ.

ಹಂತ 4: ಈಗ ಜಾತಿ ಆರಿಸಿ

ನಿಮ್ಮ ಊರಿನ ಸುತ್ತ ಏನು ಸಿಗುತ್ತದೋ ಅದರಲ್ಲೇ ಆರಿಸಿ. ಮುನ್ನೂರು ಕಿಲೋಮೀಟರ್ ಲಾರಿಯಲ್ಲಿ ತಂದ "ಪರಿಸರಸ್ನೇಹಿ" ಸೌದೆಯಲ್ಲಿ ಆ ಹೆಸರು ಬಿಟ್ಟು ಇನ್ನೇನೂ ಉಳಿದಿರುವುದಿಲ್ಲ.

ಬಯಲುಸೀಮೆಯವರಿಗೆ ಬಳ್ಳಾರಿ ಜಾಲಿ. ನನ್ನ ಮಟ್ಟಿಗೆ ಇದೇ ಮೊದಲ ಆಯ್ಕೆ. ಅಮೆರಿಕ ಖಂಡಗಳಿಂದ ಬಂದ ಈ ಮರ ಬಳ್ಳಾರಿ, ರಾಯಚೂರು, ಕೊಪ್ಪಳ, ಚಿತ್ರದುರ್ಗದಿಂದ ಕೋಲಾರದವರೆಗೆ ಕೆರೆ ಅಂಗಳ, ಬೀಳು ಹೊಲ ಎಲ್ಲವನ್ನೂ ನುಂಗಿದೆ. ಕಡಿದಷ್ಟೂ ಚಿಗುರುತ್ತದೆ, ಕಡಿದರೆ ಊರಿಗೇ ಉಪಕಾರ. ಟೆಕ್ಸಸ್‌ನವರು ಗ್ರಿಲ್‌ಗೆ ಹೊಗಳುವ ಮೆಸ್ಕೀಟ್ ಇದರ ಹತ್ತಿರದ ನೆಂಟ. ಗಟ್ಟಿ ಮರ, ಬಲವಾದ ಕಾವು, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಹೊಗೆ ಖಾರ, ಆದ್ದರಿಂದ ಉರಿಯಲ್ಲಿ ಸುಡದೆ ಕೆಂಡವಾದ ಮೇಲೆ ಬಳಸಿ. ಕುರಿ, ಕೋಳಿಗೆ ಸರಿ. ಮೀನು, ಪನೀರ್‌ಗೆ ಹೊಗೆ ಹೆಚ್ಚಾಗುತ್ತದೆ. ಮುಳ್ಳು ಚುಚ್ಚಿದರೆ ಗಾಯ ಬಾತುಕೊಳ್ಳುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ. ಕೆರೆ ಅಂಗಳದ್ದಾದರೆ ಪಂಚಾಯಿತಿಯವರನ್ನು ಕೇಳಿಯೇ ಕಡಿಯಿರಿ.

ಸರ್ವೆ, ಕರಾವಳಿಯವರ ಬಾಯಲ್ಲಿ ಗಾಳಿ ಮರ, ಎಲ್ಲ ಕಡೆ ಸುಲಭವಾಗಿ ಸಿಗುವುದು. ಒಣಗಿದ ಸರ್ವೆ ಕಿಲೋಗೆ ಸುಮಾರು 5000 ಕಿಲೋಕ್ಯಾಲರಿ ಕಾವು ಕೊಡುತ್ತದೆ, ಸೌದೆಗಳಲ್ಲಿ ಅದು ಮೇಲ್ಮಟ್ಟ. ನಾಲ್ಕೈದು ವರ್ಷಕ್ಕೆ ಕಡಿತಕ್ಕೆ ಬರುತ್ತದೆ, ಬೇರಿನಲ್ಲಿ ಸಾರಜನಕ ಕಟ್ಟಿಕೊಳ್ಳುತ್ತದೆ. ಹೊಗೆಗೆ ವಿಶೇಷ ಪರಿಮಳವಿಲ್ಲ, ಅದೇ ಒಳ್ಳೆಯದು, ಯಾವ ಅಡುಗೆಗಾದರೂ ಹೊಂದುತ್ತದೆ. ಕಟ್ಟಡದ ಸೆಂಟ್ರಿಂಗ್‌ಗೆ ಬಳಸಿದ ಹಳೆ ಸರ್ವೆ ಗಳ ಅಗ್ಗವಾಗಿ ಸಿಗುತ್ತದೆ, ಆದರೆ ಅದಕ್ಕೆ ಸಿಮೆಂಟು, ಶಟರಿಂಗ್ ಎಣ್ಣೆ ಮೆತ್ತಿರುತ್ತದೆ. ಬೇಡ.

ಕೊಡಗು, ಚಿಕ್ಕಮಗಳೂರು, ಹಾಸನದ ಕಡೆ ಕಾಫಿ ಗಿಡದ ಕಾಂಡ. ಮರುನಾಟಿ ಮಾಡುವಾಗ ಕಿತ್ತ ಗಿಡಗಳ ಮರ ಸಣ್ಣ ನಾರಿನದ್ದು, ಗಟ್ಟಿ, ಹದವಾದ ಹೊಗೆ. ಹಂದಿ ಮಾಂಸಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವುದು ನಾನು ಕಂಡಿಲ್ಲ. ಎರಡು ವಿಷಯ ಮಾತ್ರ ಕೇಳಲೇಬೇಕು. ಕಾಂಡಕ್ಕೆ ಕೀಟನಾಶಕ ಹೊಡೆದಿದ್ದಾರೆಯೇ? ಅರೇಬಿಕಾ ಕಾಫಿಯಲ್ಲಿ ಬಿಳಿ ಕಾಂಡಕೊರಕ ಹುಳಕ್ಕೆ ಔಷಧಿಯನ್ನು ನೇರ ಕಾಂಡಕ್ಕೇ ಹೊಡೆಯುತ್ತಾರೆ, ಅಂಥದ್ದು ಅಡುಗೆಗೆ ಬೇಡ. ಎರಡನೆಯದು, ಕೊರಕ ಬಿದ್ದೇ ಕಿತ್ತದ್ದೇ? ಹಾಗಿದ್ದರೆ ಆ ಕಾಂಡವನ್ನು ತೋಟದಲ್ಲೇ ಸುಡಬೇಕು. ಸೌದೆಯಾಗಿ ರಾಶಿ ಹಾಕಿದರೆ ಒಳಗಿನ ಹುಳ ದುಂಬಿಯಾಗಿ ಹಾರಿ ಪಕ್ಕದ ತೋಟ ಸೇರುತ್ತದೆ. ತೊಗಟೆಯ ಮೇಲೆ ಉಬ್ಬಿದ ಗೆರೆ, ಕಾಂಡದೊಳಗೆ ಹಿಟ್ಟು ತುಂಬಿದ ಸುರಂಗ ಕಂಡರೆ ತರಬೇಡಿ.

ಹಣ್ಣಿನ ತೋಟಗಳ ಸವರು ಕೊಂಬೆಗಳಲ್ಲಿ ಸೀಬೆ, ಸಪೋಟ ಎರಡೂ ಗಟ್ಟಿ, ಎರಡೂ ಉತ್ತಮ. ಶ್ರೀನಿವಾಸಪುರದ ಕಡೆ ಹೇರಳವಾಗಿ ಸಿಗುವ ಮಾವು ಸ್ವಲ್ಪ ಹಗುರ, ಬೇಗ ಉರಿದು ಹೋಗುತ್ತದೆ. ಕೆಂಡಕ್ಕೆ ಜಾಲಿ ಅಥವಾ ಸರ್ವೆ ಹಾಕಿ ಪರಿಮಳಕ್ಕೆ ಮಾವಿನ ಒಂದೆರಡು ತುಂಡು ಸೇರಿಸುವುದು ಸರಿಯಾದ ಕ್ರಮ. ಮಾವಿನ ಸೊನೆ ಅಲರ್ಜಿ ಇರುವವರು ಅದರ ಹೊಗೆಯಿಂದಲೂ ದೂರ ಇರಬೇಕು.

ಅಕೇಶಿಯಾ ಮಲೆನಾಡಿನವರಿಗೆ ಸಿಗುವ ಒಳ್ಳೆಯ ಕೆಂಡದ ಮರ. ನೀಲಗಿರಿ ಚೆನ್ನಾಗಿ ಉರಿಯುತ್ತದೆ, ಆದರೆ ಎಣ್ಣೆಯ ಘಾಟು ಪೂರ್ತಿ ಹೋಗುವವರೆಗೆ ಅಡುಗೆ ಇಡಬಾರದು. ಸಿಲ್ವರ್ ಓಕ್ ಹಗುರ, ಬೆಂಕಿ ಹೊತ್ತಿಸಲು ಸಾಕು. ಪುತ್ತೂರು, ಸುಳ್ಯದ ಕಡೆಯ ರಬ್ಬರ್ ಮರ ದಿಮ್ಮಿಯಿಂದ ನೇರ ಸೀಳಿದ್ದಾದರೆ ಪರವಾಗಿಲ್ಲ. ಹಲಗೆ ಕೊಯ್ದ ಮೇಲಿನ ಚೂರಿಗೆ ಸಂರಕ್ಷಕ ರಾಸಾಯನಿಕ ಕುಡಿಸಿರುತ್ತಾರೆ. ಬೆಂಗಳೂರಿನ ರಸ್ತೆಯಲ್ಲಿ ಮಳೆಗೆ ಬಿದ್ದ ಗುಲ್‌ಮೊಹರ್ ಕೊಂಬೆ ಕೆಂಡಕ್ಕೆ ಬರುವುದಿಲ್ಲ.

ಹುಣಸೆ? ಕೆಂಡ ಅಪ್ಪಟ ಬಂಗಾರ, ಒಪ್ಪುತ್ತೇನೆ. ಆದರೆ ನಿಧಾನ ಬೆಳೆಯುವ, ನೂರು ವರ್ಷ ಹಣ್ಣು ಕೊಡುವ ಮರ. ಗಾಳಿಗೆ ಮುರಿದ ಕೊಂಬೆ ಸಿಕ್ಕಿತೋ ಬಳಸಿ. ಡಿಪೋದಲ್ಲಿ ತಿಂಗಳು ತಿಂಗಳೂ ರಾಶಿ ಬೀಳುವ ಹುಣಸೆ ಗಾಳಿಗೆ ಮುರಿದದ್ದಲ್ಲ. ಹಲಸು, ಬೀಟೆ, ತೇಗ, ಹೊನ್ನೆ ಬಡಗಿಗೆ ಬಿಡಿ.

ಹಂತ 5: ಸೌದೆ ಬೇಡ, ಇದ್ದಿಲು ಸಾಕು ಅನ್ನುವವರಿಗೆ

ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಇದ್ದಿಲೇ ಸರಿ. ಆದರೆ ಮಣ್ಣಿನ ಗೂಡಿನಲ್ಲಿ ಒಂದು ಕಿಲೋ ಇದ್ದಿಲು ಇಳಿಸಲು ಐದಾರು ಕಿಲೋ ಒಣಸೌದೆಯಾದರೂ ಬೇಕು ಅನ್ನುವುದು ನೆನಪಿರಲಿ. ಹಾಗಾಗಿ ಮೂಲದ ಪ್ರಶ್ನೆ ಇಲ್ಲಿ ಇನ್ನೂ ಮುಖ್ಯ. ತಿಪಟೂರಿನಂಥ ಕೊಬ್ಬರಿ ಸೀಮೆಯ ಕರಟದ ಇದ್ದಿಲು ಸಿಕ್ಕರೆ ಅದಕ್ಕೇ ಮೊದಲ ಮಣೆ, ಅದಕ್ಕಾಗಿ ಮರ ಬಿದ್ದಿರುವುದಿಲ್ಲ. ಇದ್ದಿಲಾಗದ ಕರಟವನ್ನೇ ಗ್ರಿಲ್‌ಗೆ ಹಾಕಬೇಡಿ, ಟಾರಿನಂಥ ಕಪ್ಪು ಹೊಗೆ ಬರುತ್ತದೆ.

ಚೀಲ ಕೊಳ್ಳುವ ಮುನ್ನ ಒಂದು ತುಂಡು ಮುರಿದು ನೋಡಿ. ಒಳ್ಳೆಯ ಇದ್ದಿಲು ಹಗುರ, ಮುರಿದ ಮೈ ಹೊಳೆಯುತ್ತದೆ, ಬಡಿದರೆ ಲೋಹದಂಥ ಸದ್ದು. ನಡುವೆ ಕಂದು ಕಂಡರೆ ಅರೆಬೆಂದದ್ದು, ಹೊಗೆ ಖಚಿತ. ಚಪ್ಪಟೆ ಗರಗಸದ ಅಂಚು, ಮೊಳೆಯ ತೂತು ಕಂಡರೆ ಅದು ಹಳೆ ಪೀಠೋಪಕರಣದ ಇದ್ದಿಲು. ವಾಪಸ್ ಇಡಿ.

ಇದ್ದಿಲಾಗಲಿ ಸೌದೆಯ ಕೆಂಡವಾಗಲಿ, ಮುಚ್ಚಿದ ಕೋಣೆ, ಬಾಲ್ಕನಿಯ ಗಾಜಿನೊಳಗೆ, ಟೆಂಟಿನೊಳಗೆ ತರಲೇಬಾರದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಮಳೆ ಬಂತೆಂದು ಗ್ರಿಲ್ಲನ್ನು ಒಳಗೆಳೆದುಕೊಂಡು ಮಲಗಿದವರು ಬೆಳಗ್ಗೆ ಏಳದಿರಬಹುದು.

ಹಂತ 6: ಸೀಳಿ, ಒಟ್ಟಿ, ಕಾಯಿರಿ

ತಂದ ದಿನವೇ ಸೀಳಿ. ಸೌದೆ ಒಣಗುವುದು ತೊಗಟೆಯಿಂದಲ್ಲ, ಸೀಳಿದ ಮೈಯಿಂದ. ಒಂದಡಿ ಉದ್ದ, ಮಣಿಕಟ್ಟಿನ ದಪ್ಪ ಸಾಕು. ಹಸಿಯಿದ್ದಾಗ ಸೀಳುವುದು ಸುಲಭ, ಒಣಗಿದ ಜಾಲಿಗೆ ಕೊಡಲಿಯೇ ಪುಟಿಯುತ್ತದೆ.

ಇಟ್ಟಿಗೆ ಮೇಲೆ ನೆಲದಿಂದ ಗೇಣೆತ್ತರಕ್ಕೆ ಒಟ್ಟಿ. ನೆಲಕ್ಕೆ ತಾಗಿದರೆ ಗೆದ್ದಲು, ಗೋಡೆಗೆ ತಾಗಿದರೆ ಬೂಷ್ಟು. ಗಾಳಿ ಬೀಸುವ ದಿಕ್ಕಿಗೆ ರಾಶಿಯ ಅಗಲದ ಮುಖ ಇರಲಿ. ಟಾರ್ಪಾಲು ನೆತ್ತಿಗೆ ಮಾತ್ರ. ನಾಲ್ಕೂ ಕಡೆ ಸುತ್ತಿ ಕಟ್ಟಿದರೆ ಒಳಗೆ ಬೆವತು ಸೌದೆ ಕೊಳೆಯುತ್ತದೆ. ಬೇರೆಲ್ಲ ಸರಿ ಮಾಡಿದವರೂ ಸಾಮಾನ್ಯವಾಗಿ ತಪ್ಪುವುದು ಇದೊಂದರಲ್ಲಿ.

ನಮ್ಮ ಹವಾಮಾನದಲ್ಲಿ ಡಿಸೆಂಬರ್‌ನಲ್ಲಿ ಸೀಳಿ ಒಟ್ಟಿದ್ದು ಏಪ್ರಿಲ್ ಹೊತ್ತಿಗೆ ಒಲೆಗೆ ಬರುತ್ತದೆ. ಸರ್ವೆ, ಮಾವು ಇನ್ನೂ ಬೇಗ, ಜಾಲಿ ಸ್ವಲ್ಪ ತಡ. ಬಳಸುವಷ್ಟನ್ನು ಮುಂಗಾರಿಗೆ ಮೊದಲೇ ಸೂರಿನಡಿಗೆ ಸಾಗಿಸಿ. ಕರಾವಳಿ, ಮಲೆನಾಡಿನ ಜುಲೈ ಹವೆಯಲ್ಲಿ ಒಣಸೌದೆಯೂ ಮತ್ತೆ ತೇವ ಎಳೆದುಕೊಳ್ಳುತ್ತದೆ. ಆಗ ಹಿಂದಿನ ದಿನವೇ ಬಚ್ಚಲೊಲೆಯ ಪಕ್ಕ ಇಟ್ಟು ಬೆಚ್ಚಗೆ ಮಾಡಿಕೊಳ್ಳಬೇಕು.

ಹಂತ 7: ಹಚ್ಚಿ, ಕೆಂಡವಾಗುವವರೆಗೆ ಅಡುಗೆ ಇಡಬೇಡಿ

ಹತ್ತು ಜನರ ಊಟಕ್ಕೆ ಎಂಟು ಹತ್ತು ಕಿಲೋ ಒಣಸೌದೆ ಎಣಿಸಿಕೊಳ್ಳಿ. ತೆಂಗಿನ ನಾರು, ಸಿಲ್ವರ್ ಓಕ್ ಚಕ್ಕೆ ಕೆಳಗೆ, ಅದರ ಮೇಲೆ ಸಣ್ಣ ಸೀಳು, ಮೇಲೆ ದಪ್ಪದ್ದು ಅಡ್ಡಡ್ಡ. ನಡುವೆ ಗಾಳಿಗೆ ಜಾಗ ಬಿಡಿ.

ಮೊದಲ ಹದಿನೈದು ನಿಮಿಷದ ದಟ್ಟ ಬಿಳಿ ಹೊಗೆಗೆ ಯಾವ ಆಹಾರವನ್ನೂ ಒಡ್ಡಬೇಡಿ. ಹೊಗೆ ತೆಳುವಾಗಿ ನೀಲಿಗೆ ತಿರುಗಿ, ಉರಿ ಇಳಿದು, ಕೆಂಡದ ಮೇಲೆ ಬೂದಿಯ ತೆಳು ಪದರ ಕೂರಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಜಾಲರಿಯಿಂದ ನಾಲ್ಕು ಬೆರಳು ಮೇಲೆ ಅಂಗೈ ಹಿಡಿದು ನೋಡಿ. ಎರಡು ಮೂರು ಸೆಕೆಂಡಿಗೆ ಕೈ ಎಳೆದುಕೊಂಡರೆ ಜೋರು ಕಾವು, ಮೀನಿಗೆ, ಮುಸುಕಿನ ಜೋಳಕ್ಕೆ. ಐದಾರು ಸೆಕೆಂಡು ತಡೆದರೆ ಕೋಳಿ ಕಾಲಿಗೆ ಹದ. ಕೋಳಿಯ ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು.

ಪರಿಮಳದ ಚಕ್ಕೆಗಳನ್ನು ನೀರಲ್ಲಿ ನೆನೆಸಿ ಹಾಕುವ ಪದ್ಧತಿ ಬಿಡಿ. ತಿಂಗಳುಗಟ್ಟಲೆ ಒಣಗಿಸಿದ್ದನ್ನು ಮತ್ತೆ ಒದ್ದೆ ಮಾಡುವುದರಿಂದ ಮೊದಲು ಬರುವುದು ಹಬೆ, ಪರಿಮಳವಲ್ಲ.

ಅಡುಗೆ ನಡುವೆ ಸೌದೆ ಬೇಕಾದರೆ ನೇರ ಜಾಲರಿಯಡಿ ತುರುಕದೆ ಪಕ್ಕದಲ್ಲಿ ಹಚ್ಚಿ, ಕೆಂಡವಾದ ಮೇಲೆ ಇಕ್ಕಳದಲ್ಲಿ ತಳ್ಳಿ.

ನಿಲ್ಲಿಸಬೇಕಾದ ಸೂಚನೆಗಳು

ತುಂಡಿನ ತುದಿಯಲ್ಲಿ ಸುಂಯ್ ಅಂತ ನೊರೆ ಉಕ್ಕಿದರೆ ಹಸಿ, ಹೊರಗೆ ತೆಗೆಯಿರಿ. ಜಾಲರಿಗೆ ಅಂಟು ಮಸಿ ಹಿಡಿದರೆ ಗಾಳಿ ಸಾಲದು ಅಥವಾ ಮರ ರಾಳದ್ದು. ಉರಿಯಲ್ಲಿ ಹಸಿರು ನೀಲಿ ಬಣ್ಣ ಕಂಡರೆ, ಪ್ಲಾಸ್ಟಿಕ್ ಅಥವಾ ಔಷಧಿಯ ವಾಸನೆ ಬಂದರೆ ಬಣ್ಣವೋ ಔಷಧಿಯೋ ಕಂಡ ಮರ. ಆ ಸಲದ ಅಡುಗೆ ಚೆಲ್ಲಿ, ಜಾಲರಿ ಉಜ್ಜಿ ತೊಳೆಯಿರಿ. ಹತ್ತಿರ ನಿಂತವರಿಗೆಲ್ಲ ಕಣ್ಣು ಉರಿದು ಗಂಟಲು ಕೆರೆದರೆ ಊದುವುದು ಬಿಟ್ಟು ಸೌದೆ ಬದಲಿಸಿ.

ಹಂತ 8: ಬೂದಿ

ಬೂದಿಯಡಿ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ಪ್ಲಾಸ್ಟಿಕ್ ಬಕೆಟ್ ಬೇಡ, ತಗಡಿನ ಡಬ್ಬಿಗೆ ಹಾಕಿ ಮುಚ್ಚಿ ಎರಡು ದಿನ ಬಿಡಿ. ಬೇಸಿಗೆಯಲ್ಲಿ ಒಣಹುಲ್ಲಿನ ಹತ್ತಿರ ಚೆಲ್ಲಬೇಡಿ. ಶುದ್ಧ ಸೌದೆಯ ಬೂದಿಯನ್ನು ತೆಂಗು, ಬಾಳೆ ಬುಡಕ್ಕೆ ತೆಳುವಾಗಿ ಹಾಕಬಹುದು, ಪೊಟ್ಯಾಶ್ ಸಿಗುತ್ತದೆ. ಬೂದಿ ಕ್ಷಾರ, ಹಾಗಾಗಿ ಒಂದೇ ಗಿಡಕ್ಕೆ ಬುಟ್ಟಿಗಟ್ಟಲೆ ಸುರಿಯಬೇಡಿ. ಉಳಿದ ಅರೆಸುಟ್ಟ ಕೊಳ್ಳಿಗಳನ್ನು ಬಿಸಾಡದೆ ನೀರು ತಾಗಿಸದೆ ಎತ್ತಿಡಿ, ಮುಂದಿನ ಸಲ ಎಲ್ಲಕ್ಕಿಂತ ಮೊದಲು ಹತ್ತುವುದು ಅವೇ.